ಅಂದಾಜುಪಟ್ಟಿಯ ರಾವುತರು

ಕಲಬುರಗಿಯ ಪಬ್ಲಿಕ್ ಗಾರ್ಡನ್ನಿನಲ್ಲಿ ಪ್ರಾತಃಕಾಲ ವಾಯುಸೇವನೆಗೆ ಬರುವ ನಿವೃತ್ತರಲ್ಲಿ ಮಧುಮೇಹದ ಒತ್ತಾಯಕ್ಕೆ ಬರುವವರು ಕೆಲವರು, ಮನೆಯಲ್ಲಿ ಸೊಸೆಯಂದಿರ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಔದಾರ್ಯದಿಂದ ಬರುವವರು ಹಲವರು. ಆದರೆ ಈ ಉಭಯ ವರ್ಗಗಳಿಗೂ ಸೇರದೆ, ಐಸ್‌ಲ್ಯಾಂಡಿನ ಬಯಲುಗಳಲ್ಲಿ ಅಶ್ವಾರೂಢರಾಗಿ ಒಂದು ವಾರ ಸಂಚರಿಸುವುದಕ್ಕೆ ದೇಹವನ್ನು ಅಣಿಗೊಳಿಸುವ ಏಕಮಾತ್ರ ಉದ್ದೇಶದಿಂದ, ಸೊಂಟಕ್ಕೆ ಟವೆಲನ್ನು ಬಿಗಿದು, ಮೊಳಕಾಲುಗಳನ್ನು ಕಿಂಚಿತ್ ಹೊರಬಾಗಿಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಒತ್ತಿ ನಡೆಯುವ ಮಹನೀಯರೊಬ್ಬರು ಅಲ್ಲಿ ಉಂಟು. ತಂದೆತಾಯಿಗಳು ಅವರಿಗಿಟ್ಟ ನಾಮಧೇಯವು ಪಿಂಚಣಿ ಪುಸ್ತಕದಲ್ಲಿ ಸುರಕ್ಷಿತವಾಗಿರುವುದರಿಂದ ಅದರ ಗೊಡವೆ ನಮಗೆ ಬೇಡ. ಊರಿನವರ ಬಾಯಲ್ಲಿ ಅವರು ರಾವುತರು. ರಾವುತನೆಂಬ ಬಿರುದು ಹಿಂದೆ ಕುದುರೆಯ ಮೇಲೆ ಕುಳಿತು ಯುದ್ಧ ಮಾಡಿದವರಿಗೆ ಸಲ್ಲುತ್ತಿದ್ದಿತು. ನಮ್ಮವರು ಕುದುರೆಯ ಮೇಲೆ ಕುಳಿತದ್ದು ಒಂದೇ ಸಲ, ಅದೂ ಕಮಲಾಪುರದಲ್ಲಿ ತಮ್ಮ ಮದುವೆಯ ದಿನ, ಹನುಮಂತದೇವರ ಗುಡಿಯವರೆಗೆ, ಇಬ್ಬರು ಭಾವಮೈದುನರು ಎರಡೂ ಪಕ್ಕಗಳಲ್ಲಿ ಕಾಲುಗಳನ್ನು ಹಿಡಿದುಕೊಂಡಿದ್ದಾಗ. ಆ ಸವಾರಿಯ ಛಾಯಾಚಿತ್ರ ಅವರ ಪಡಸಾಲೆಯಲ್ಲಿ ಇಂದಿಗೂ ತೂಗಾಡುತ್ತಿದೆ. ಬಾಸಿಂಗದ ಮುತ್ತುಗಳು ಮುಖವನ್ನು ಮುಚ್ಚಿರುವುದರಿಂದ ಸವಾರನ ಭಾವ ಯಾವುದಿತ್ತೆಂಬುದು ಗೊತ್ತಾಗದಿದ್ದರೂ ಕೈಗಳು ಕುದುರೆಯ ಜೂಲನ್ನು ಹಿಡಿದಿರುವ ರೀತಿಯಿಂದ ಕೊಂಚ ಊಹಿಸಬಹುದು.

ರಾವುತರ ವೃತ್ತಿಯನ್ನು ಅರಿಯದವನು ಅವರ ಪ್ರವೃತ್ತಿಯನ್ನು ಅರಿಯಲಾರನು. ಸರಕಾರದ ಇಲಾಖೆಯೊಂದರಲ್ಲಿ ಅವರು ತಮ್ಮ ಸೇವಾವಧಿಯುದ್ದಕ್ಕೂ ಕಾಮಗಾರಿಗಳ ಅಂದಾಜುಪಟ್ಟಿಗಳನ್ನು ಸಿದ್ಧಪಡಿಸುತ್ತಿದ್ದರು. ಹಳ್ಳಕ್ಕೆ ಸೇತುವೆ, ಕೆರೆಗೆ ಕೋಡಿ, ಶಾಲೆಗೆ ಆವಾರದ ಗೋಡೆ, ಯಾವುದೇ ಇರಲಿ, ಅವರ ಕೈಯಿಂದ ಹೊರಬಿದ್ದ ಪಟ್ಟಿಯಲ್ಲಿ ಒಂದು ಬುಟ್ಟಿ ಮರಳಿನ ಲೆಕ್ಕವೂ ತಪ್ಪಿದ್ದಿಲ್ಲ. ಪಟ್ಟಿ ಮೇಲಿನ ಕಚೇರಿಗೆ ಹೋಗಿ ಅಲ್ಲಿ ಕುಳಿತು ಏಳುವಷ್ಟರಲ್ಲಿ ದರಗಳು ಬದಲಾಗುತ್ತಿದ್ದುವು. ಬದಲಾದ ದರಗಳಿಗನುಸಾರವಾಗಿ ಪರಿಷ್ಕರಿಸತಕ್ಕದ್ದೆಂಬ ಷರಾದೊಡನೆ ಅದು ಮರಳುತ್ತಿದ್ದಿತು. ಇವರು ಅಷ್ಟೇ ಶ್ರದ್ಧೆಯಿಂದ ಪರಿಷ್ಕರಿಸುತ್ತಿದ್ದರು. ಹಳ್ಳಿಯವರು ಮಳೆಗಾಲದಲ್ಲಿ ಹಿಂದಿನಂತೆಯೇ ಎದೆಮಟ್ಟದ ನೀರಿನಲ್ಲಿ ಹಳ್ಳ ದಾಟುತ್ತಿದ್ದರೆಂಬುದು ನಿಜ. ಆದರೆ ಅದರ ಹೊಣೆ ಅಂದಾಜಿನದಲ್ಲ. ಹೀಗೆ ಕಾರ್ಯರೂಪಕ್ಕೆ ಬಾರದ ಸಂಗತಿಗಳನ್ನು ನಿರ್ದೋಷವಾಗಿ ಯೋಜಿಸುವ ಅಪೂರ್ವ ಕಲೆಯನ್ನು ಸಾಧಿಸಿದ ಮನುಷ್ಯನಿಗೆ ನಿವೃತ್ತಿಯ ದಿನ ಶಾಲು, ಫಲತಾಂಬೂಲ, ಗೋಡೆಗಡಿಯಾರ ಕೊಟ್ಟು ಮನೆಗೆ ಕಳುಹಿಸಿದರೆ ಆತನ ಪ್ರತಿಭೆ ಎಲ್ಲಿಗೆ ಹೋಗಬೇಕು? ಅದು ಐಸ್‌ಲ್ಯಾಂಡಿಗೆ ಹೋಯಿತು.

ನೇರವಾಗಿ ಹೋದದ್ದಲ್ಲ. ಮೊದಲನೆಯ ಕಡತ ಮಂಗೋಲಿಯಾದ್ದು. ಅಲ್ಲಿಯ ಜನ ತಮ್ಮ ಕುದುರೆಗಳಿಗೆ ಸಾಮಾನ್ಯವಾಗಿ ಹೆಸರಿಡದೆ ಬಣ್ಣದಿಂದಲೇ ಗುರುತಿಸುತ್ತಾರೆಂದು ಓದಿದ ದಿನ ರಾವುತರು ಆ ಕಡತವನ್ನು ಮುಚ್ಚಿದರು. ಒಂದು ವಾರ ತನ್ನ ಪ್ರಾಣವನ್ನು ಹೊತ್ತು ತಿರುಗುವ ಜೀವಿಯನ್ನು ‘ಏ ಕಂದು’ ಎಂದು ಕರೆಯುವುದು ಸಭ್ಯತೆಯಲ್ಲವೆಂದು ಕಾರಣ ಬರೆದರು. ಎರಡನೆಯದು ಕಿರ್ಗಿಸ್ತಾನದ್ದು. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿರುವ ಸೋನ್‌ಕುಲ್ ಸರೋವರದ ದಂಡೆಗೆ ಕುದುರೆಯ ಮೇಲೆ ಹೋಗಿ ಕುರಿಗಾಹಿಗಳ ಗುಡಾರದಲ್ಲಿ ತಂಗುವ ಆ ಯೋಜನೆ ಬಹಳ ದೂರ ಸಾಗಿದ್ದಿತು. ಗುಡಾರದಲ್ಲಿ ಲಿಂಗಪೂಜೆಗೆ ಸ್ಥಳ, ವಿಭೂತಿಯ ಉಂಡೆಗಳು, ಏಳು ದಿನಕ್ಕೆ ಖಡಕ್ ರೊಟ್ಟಿಗಳ ಸಂಖ್ಯೆ, ಶೇಂಗಾ ಹಿಂಡಿ ಎಷ್ಟು, ಅಗಸಿ ಹಿಂಡಿ ಎಷ್ಟು, ಎಲ್ಲವೂ ನಿರ್ಣಯವಾಗಿದ್ದುವು. ಅಷ್ಟರಲ್ಲಿ ಅಲ್ಲಿ ಅತಿಥಿಗೆ ಮೊದಲು ಕೊಡುವ ಕುಮಿಸ್ ಎಂಬ ಪಾನೀಯವು ಕುದುರೆಯ ಹಾಲನ್ನು ಹುಳಿಸಿ ಮಾಡಿದ್ದೆಂದೂ ಅದಕ್ಕೆ ಅಲ್ಪಸ್ವಲ್ಪ ಅಮಲು ಇರುವುದೆಂದೂ ತಿಳಿದುಬಂದಿತು. ಬೇಡವೆಂದರೆ ಅತಿಥೇಯನಿಗೆ ಅವಮಾನ, ಕುಡಿದರೆ ಕುಲಕ್ಕೆ. ‘ಮಜ್ಜಿಗಿ ಅಂತ ತಿಳ್ಕೊಂಡು ಕಣ್ಣ್ ಮುಚ್ಚಿ ಕುಡೀರಿ’ ಎಂದು ಅವರ ಧರ್ಮಪತ್ನಿಯವರು ಒಲೆಯ ಮುಂದಿನಿಂದಲೇ ಪರಿಹಾರ ಸೂಚಿಸಿದರು. ಆ ಮಾತನ್ನು ಕಡತದಲ್ಲಿ ದಾಖಲಿಸಲಿಲ್ಲ.

ಐಸ್‌ಲ್ಯಾಂಡು ಇವೆಲ್ಲ ದೋಷಗಳಿಂದ ಮುಕ್ತವಾಗಿದ್ದಿತು. ಅಲ್ಲಿಯ ಕುದುರೆ ಕುಳ್ಳು, ಭುಜದ ಮಟ್ಟಕ್ಕೆ ಸುಮಾರು ನಾಲ್ಕೂವರೆ ಅಡಿ. ಬಿದ್ದರೂ ದೂರ ಬೀಳಬೇಕಾಗಿಲ್ಲ. ಸಾವಿರ ವರ್ಷಗಳಿಂದ ಆ ದ್ವೀಪಕ್ಕೆ ಹೊರಗಿನ ಕುದುರೆಯನ್ನು ಬಿಟ್ಟುಕೊಂಡಿಲ್ಲ. ಅಷ್ಟೇ ಅಲ್ಲ, ಅಲ್ಲಿಯ ಕುದುರೆ ಒಮ್ಮೆ ಪರದೇಶಕ್ಕೆ ಹೋಯಿತೆಂದರೆ ಮತ್ತೆ ತಾಯ್ನಾಡಿಗೆ ಕಾಲಿಡುವಂತಿಲ್ಲ. ಇಷ್ಟು ಕಟ್ಟುನಿಟ್ಟಾದ ನಿಯಮಾವಳಿಯುಳ್ಳ ಪ್ರಾಣಿಯ ಮೇಲೆ ಒಬ್ಬ ನಿವೃತ್ತ ಸರಕಾರಿ ನೌಕರನಿಗೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಮೇಲಾಗಿ ಆ ತಳಿಗೆ ಲೋಕದ ಇತರ ಕುದುರೆಗಳ ನಡಿಗೆ, ದುಡುಕು, ನಾಗಾಲೋಟಗಳಲ್ಲದೆ ತೋಲ್ಟ್ ಎಂಬ ಇನ್ನೊಂದು ಗತಿ ಉಂಟು. ಅದರಲ್ಲಿ ಒಂದು ಪಾದವಾದರೂ ಸದಾ ನೆಲದ ಮೇಲೆ ಇರುವುದರಿಂದ ಸವಾರನ ಆಸನ ಅಲುಗಾಡದು. ತುಂಬಿದ ಪಾತ್ರೆಯನ್ನು ಕೈಯಲ್ಲಿ ಹಿಡಿದು ತೊಟ್ಟೂ ಚೆಲ್ಲದಂತೆ ಓಡಿಸುವ ಸ್ಪರ್ಧೆಗಳನ್ನೇ ಅಲ್ಲಿಯ ಜನ ಏರ್ಪಡಿಸುತ್ತಾರೆ. ಇದನ್ನು ರಾವುತರು ಗಾರ್ಡನ್ನಿನ ಹೊರಗಿನ ಚಹಾದ ಅಂಗಡಿಯ ಮುಂದೆ ನಮಗೆ ಪ್ರಾತ್ಯಕ್ಷಿಕೆಯಿಂದಲೇ ತೋರಿಸಿಕೊಟ್ಟರು. ಪಾತ್ರೆಯ ಸ್ಥಾನದಲ್ಲಿ ಚಹಾದ ಗ್ಲಾಸು, ಕುದುರೆಯ ಸ್ಥಾನದಲ್ಲಿ ಸ್ವತಃ ಅವರು. ಚಹಾ ಚೆಲ್ಲಿತು. ಎರಡು ಕಾಲಿನ ಪ್ರಾಣಿಗೆ ಈ ಗತಿ ಶರೀರರಚನೆಯಿಂದಲೇ ಅಸಾಧ್ಯವೆಂದು ಅವರು ಧೋತರದ ಚುಂಗನ್ನು ಹಿಂಡುತ್ತ ವಿವರಿಸಿದರು.

ಕಾಲನಿರ್ಣಯವೂ ಸುಲಭದ್ದಾಗಿರಲಿಲ್ಲ. ನಮ್ಮ ಕಲಬುರಗಿಯ ಬಿಸಿಲು ಗೊತ್ತೇ ಇದೆ. ವೈಶಾಖದಲ್ಲಿ ಇಲ್ಲಿಂದ ಎತ್ತ ಹೋದರೂ ಲಾಭವೇ. ಆದರೆ ಬೇಸಗೆಯ ನಡುವಿನಲ್ಲಿ ಆ ದ್ವೀಪದಲ್ಲಿ ಸರಿಯಾಗಿ ಕತ್ತಲೆಯೇ ಆಗದೆಂದ ಮೇಲೆ ಸಾಯಂಕಾಲದ ಪೂಜೆ ಯಾವ ಹೊತ್ತಿಗೆ? ಹೀಗೆ ಜೂನು ಜುಲೈಗಳು ಬಿದ್ದುಹೋಗಿ ಸೆಪ್ಟೆಂಬರು ಉಳಿಯಿತು. ಸೆಪ್ಟೆಂಬರಿನಲ್ಲಿ ಅಲ್ಲಿಯ ರೈತರು ಬೇಸಗೆಯೆಲ್ಲ ಗುಡ್ಡಗಳಲ್ಲಿ ಮೇಯಲು ಬಿಟ್ಟ ಕುರಿಗಳನ್ನು ಕುದುರೆಗಳ ಮೇಲೆ ಹೋಗಿ ಹೊಡೆದುಕೊಂಡು ಬರುತ್ತಾರೆ. ಪರದೇಶದ ಸವಾರರೂ ಹಣ ತೆತ್ತು ಅದರಲ್ಲಿ ಸೇರಬಹುದು. ಇದನ್ನು ಕೇಳಿ ಧರ್ಮಪತ್ನಿಯವರು ಲಟ್ಟಣಿಗೆಯನ್ನು ಕೆಳಗಿಟ್ಟರು.

‘ಏನಂದ್ರಿ? ಕುರಿ ಹೊಡಕೊಂಡು ಬರ್ಲಾಕ ಇವರೇ ರೊಕ್ಕ ಕೊಡಬೇಕಾ? ನಮ್ಮ ಕಮಲಾಪುರದ ಕುರುಬರಿಗಿ ಹೇಳಿದ್ರ ಊಟಾ ಹಾಕಿ ಕುರಿ ಕೊಟ್ಟು ಕಳಸ್ತಾರ. ಸಾಮಾನ್ ಹೊರಲಾಕ ಅವರ ಹಂತೀಲಿ ತಟ್ಟೂನೂ ಅದ.’

ತಟ್ಟು ಕುದುರೆಯಲ್ಲವೆಂದು ರಾವುತರು ಹೇಳಿದರು. ಅವರು ಹೇಳಿದ್ದು ಅಷ್ಟೇ; ಆದರೆ ಅವರ ಮನೋಧರ್ಮದ ಬೀಜವಾಕ್ಯವೇ ಅದರಲ್ಲಿ ಅಡಗಿದ್ದಿತೆಂದು ನನಗೆ ತೋರುತ್ತದೆ. ಹತ್ತಿರದಲ್ಲಿರುವ ಕುದುರೆಗೆ ಒಂದು ದೊಡ್ಡ ದೋಷವುಂಟು: ಅದನ್ನು ಏರಬಹುದು. ಏರಬಹುದಾದದ್ದನ್ನು ಏರದಿದ್ದರೆ ನಾಲ್ಕು ಜನ ಕಾರಣ ಕೇಳುವರು. ಐಸ್‌ಲ್ಯಾಂಡಿನ ಕುದುರೆಯ ಸೌಜನ್ಯವೆಂದರೆ ಅದು ಐಸ್‌ಲ್ಯಾಂಡಿನಲ್ಲಿರುವುದು.

ಇತಿಹಾಸದ ಬೆಂಬಲವೂ ಅವರಿಗಿದ್ದಿತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದಂದಿನಿಂದ ಅರಬ್ಬೀ ಕುದುರೆಗಳು ಹಡಗು ಹತ್ತಿ ಪಶ್ಚಿಮದ ಬಂದರುಗಳಲ್ಲಿಳಿದು ಘಟ್ಟವೇರಿ ಈ ಸೀಮೆಗೆ ಬರುತ್ತಿದ್ದುವು. ಆ ಶತಮಾನ ಕಳೆದು, ರಾಜಧಾನಿ ಬೀದರಿಗೆ ಹೋದ ಮೇಲೆ, ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು 1469ರ ಸುಮಾರಿಗೆ ಹೊರಮುಜ್‌ನಿಂದ ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು ಚೌಲ್ ಬಂದರಿನಲ್ಲಿಳಿದನು. ಜುನ್ನರಿನ ಅಧಿಕಾರಿ ಅಸದಖಾನನು ಅದನ್ನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯೊಡನೆ ಸಾವಿರ ಹೊನ್ನನ್ನೂ ಕೊಡುವೆನೆಂದು ಹೇಳಿದನು. ಖುರಾಸಾನದ ಒಬ್ಬ ಸಜ್ಜನನ ಮಧ್ಯಸ್ಥಿಕೆಯಿಂದ ಕುದುರೆ ಮರಳಿ ಕೈಸೇರಿತು. ಕೊನೆಗೆ ಬೀದರಿನಲ್ಲಿ ಅದನ್ನು ಮಾರಿ ಆತನು ಬಹುಕಾಲ ಈ ಭಾಗದಲ್ಲಿಯೇ ಸುತ್ತಾಡಿದನು. ಶೇಖ್ ಅಲಾವುದ್ದೀನರ ಸ್ಮರಣೆಯ ಜಾತ್ರೆಗೆ, ಅಂದರೆ ನಮ್ಮ ಆಳಂದಕ್ಕೆ, ಮಾರಾಟಕ್ಕೆಂದು ಇಪ್ಪತ್ತು ಸಾವಿರ ಕುದುರೆಗಳು ಬರುವುವೆಂದು ಆತನು ಬರೆದಿಟ್ಟಿರುವನು. ವರ್ತಕರ ಲೆಕ್ಕದಲ್ಲಿ ಸೊನ್ನೆಗಳು ಕೊಂಚ ಉದಾರವಾಗಿ ಬೀಳುವುದು ಉಂಟಾದರೂ ರಾವುತರು ಆ ಸಂಖ್ಯೆಯನ್ನು ಎಂದೂ ಸಂದೇಹಿಸಿದವರಲ್ಲ. ‘ಅವ ರಷ್ಯಾದಿಂದ ಇಲ್ಲಿಗಿ ಬಂದಾನ. ನಾ ಇಲ್ಲಿಂದ ಐಸ್‌ಲ್ಯಾಂಡಿಗಿ ಹೋಗ್ಲಾಕ ಏನಡ್ಡಿ?’ ಎಂದು ಅವರು ಬೆಂಚಿನ ಮೇಲೆ ಕುಳಿತವರನ್ನು ಕೇಳುತ್ತಿದ್ದರು. ಬೆಂಚಿನ ಮೇಲೆ ಒಬ್ಬ ನಿವೃತ್ತ ಇತಿಹಾಸದ ಅಧ್ಯಾಪಕರಿದ್ದರು. ಅವರು, ‘ಅಡ್ಡಿ ಏನಿಲ್ರಿ. ಅವ ಊರ ಮುಟ್ಟೂಕಿಂತ ಮೊದಲs ದಾರ್ಯಾಗ ಸತ್ತ’ ಎಂದರು. ಇದು ನಿಜ.

ಸಲಕರಣೆಗಳ ವಿಷಯದಲ್ಲಿ ಒಂದು ಅನರ್ಥ ನಡೆದುಹೋಯಿತು. ನಿಯಮಾವಳಿಯನ್ನು ಪೂರ್ತಿ ಓದುವ ಮೊದಲೇ ಅವರು ಹಳೆಯ ಸಾಮಾನಿನವನೊಬ್ಬನಿಂದ ಚರ್ಮದ ಜೀನು, ಕಡಿವಾಣ, ಕೈಗವಸುಗಳನ್ನು ಕೊಂಡುತಂದಿದ್ದರು. ಐಸ್‌ಲ್ಯಾಂಡಿನವರಾದರೋ, ಶತಮಾನಗಳ ಏಕಾಂತದಿಂದಾಗಿ ತಮ್ಮ ಕುದುರೆಗಳಿಗೆ ಹೊರಗಿನ ರೋಗಗಳನ್ನು ತಡೆಯುವ ಶಕ್ತಿಯಿಲ್ಲವೆಂಬ ಕಾರಣಕ್ಕೆ, ಅನ್ಯತ್ರ ಬಳಸಿದ ಜೀನು ಕಡಿವಾಣ ಕೈಗವಸುಗಳನ್ನು ದೇಶದೊಳಗೆ ಬಿಡುವುದೇ ಇಲ್ಲ. ಸವಾರಿಯ ಬಟ್ಟೆ ಬೂಟುಗಳನ್ನೂ ತೊಳೆದು ಸೋಂಕುಕಳೆದು ತರಬೇಕು. ಈಗ ಆ ಜೀನು ಅವರ ಮನೆಯ ಹಿತ್ತಿಲಲ್ಲಿ, ಗಾಳಿ ಇಳಿದ ಗಾಲಿಗಳ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ಬಿಗಿಯಲ್ಪಟ್ಟಿದೆ. ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತ ಆ ವಾಹನವನ್ನು ಶಾಸ್ತ್ರೋಕ್ತವಾಗಿ ಎಡಗಡೆಯಿಂದಲೇ ಏರಿ, ಹ್ಯಾಂಡಲಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಗಳಲ್ಲಿ ಹಿಡಿದು, ದುಡುಕುಗತಿಯ ಲಯಕ್ಕೆ ಸರಿಯಾಗಿ ಏಳುತ್ತ ಕೂಡುತ್ತ ಸಾಯಂಕಾಲಗಳನ್ನು ಕಳೆಯುವ ರಾವುತರನ್ನು ನೋಡಲು ಓಣಿಯ ಹುಡುಗರು ಆವಾರದ ಗೋಡೆಯ ಮೇಲೆ ಸಾಲಾಗಿ ಕೂಡುತ್ತಾರೆ. ಚೇತಕ್ ಕೆಟ್ಟುಹೋಗಿರುವುದರಿಂದ ಅಪಾಯವಿಲ್ಲ.

ತೂಕದ ಪ್ರಕರಣ ಗಂಜಿನಲ್ಲಿ ನಡೆಯಿತು. ಕುದುರೆ ಕುಳ್ಳಾದಷ್ಟೂ ಸವಾರನ ತೂಕದ ಬಗ್ಗೆ ಅದರ ಯಜಮಾನನಿಗೆ ಆಸ್ಥೆ ಹೆಚ್ಚು. ರಾವುತರು ಆರಿಸಿಕೊಂಡ ಪ್ರವಾಸದವರು 95 ಕಿಲೋದ ಮಿತಿಯನ್ನು ವಿಧಿಸಿದ್ದರು. ಸ್ನಾನದಮನೆಯ ಪುಟ್ಟ ಯಂತ್ರವನ್ನು ನಂಬದ ರಾವುತರು, ತೊಗರಿಯ ಸುಗ್ಗಿಯ ದಿನಗಳಲ್ಲಿ ಒಂದು ಬೆಳಗ್ಗೆ, ಸಾಕ್ಷಿಯಾಗಿ ನನ್ನನ್ನೂ ಕರೆದುಕೊಂಡು ಪರಿಚಯದ ಅಡತಿಯ ಅಂಗಡಿಗೆ ಹೋದರು. ಚೀಲಗಳ ಸಾಲಿನಲ್ಲಿ ತಮ್ಮ ಪಾಳಿ ಬರುವವರೆಗೆ ನಿಂತು, ಚಪ್ಪಲಿ ಟೊಪ್ಪಿಗೆಗಳನ್ನು ನನ್ನ ಕೈಗಿತ್ತು, ಕಾಟಾದ ಮೇಲೆ ಹತ್ತಿ ಕಣ್ಣು ಮುಚ್ಚಿದರು. ಹಮಾಲನು 104 ಎಂದು ಗಟ್ಟಿಯಾಗಿ ಕೂಗಿದನು. ಗುಮಾಸ್ತನು ರೂಢಿಬಲದಿಂದ ಅದನ್ನು ಬರೆದೂಬಿಟ್ಟನು.

‘ಸಾಹುಕಾರ್ರ, ಚೀಲಕ್ಕಿಂತ ನಾಕ್ ಕಿಲೋ ಹೆಚ್ಚಾತು’ ಎಂದನು ಹಮಾಲ.

ಅಡತ್ಯಾ ಕನ್ನಡಕದ ಮೇಲಿನಿಂದ ರಾವುತರನ್ನು ಅಡಿಯಿಂದ ಮುಡಿಯವರೆಗೆ, ಮಾಲಿನ ಮಾದರಿ ನೋಡುವ ಅಭ್ಯಾಸದ ಕಣ್ಣಿನಿಂದ ನೋಡಿ, ‘ಮಾಲು ಹಸಿ ಅದರೀ. ಒಣಗಿಸಿ ತರ್ರಿ, ರೇಟ್ ಸಿಗ್ತದ’ ಎಂದನು. ದೇಹದ ತೇವಾಂಶವನ್ನು ಕಡಿದರೆ ಉಳಿಯುವ ನಿವ್ವಳ ತೂಕ ಎಷ್ಟೆಂದು ಮರಳುವ ದಾರಿಯುದ್ದಕ್ಕೂ ರಾವುತರು ಲೆಕ್ಕ ಹಾಕಿದರು. ಅಂದಿನಿಂದ ರಾತ್ರಿಯ ಊಟಕ್ಕೆ ಒಂದೇ ರೊಟ್ಟಿ. ಶ್ರಾವಣದ ಹೋಳಿಗೆಯ ವಿಷಯ ಪ್ರತ್ಯೇಕ ಪಟ್ಟಿಯಲ್ಲಿತ್ತು.

ಹೀಗೆ ಯೋಜನೆ ನಿರ್ವಿಘ್ನವಾಗಿ ನಡೆಯದೆ ನಿಂತಿದ್ದ ಕಾಲದಲ್ಲಿ ಕಮಲಾಪುರದಲ್ಲಿ ಭಾವಮೈದುನನ ಮಗನ ಮದುವೆ ಬಂದಿತು. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಒಂದು ತಾಸಿನ ದೂರದಲ್ಲಿರುವ ಆ ಊರಿನ ಕೆಂಪು ಬಾಳೆಹಣ್ಣಿನ ಕೀರ್ತಿಯನ್ನು ಕೇಳದವರು ನಮ್ಮ ಕಡೆ ವಿರಳ. ಸರಕಾರದವರು ಭೌಗೋಳಿಕ ಸೂಚಕವನ್ನಿತ್ತು ಅದನ್ನು ಮಾನ್ಯ ಮಾಡಿದ್ದಾರೆ. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಬೇಡುವ, ಹೆಚ್ಚು ಬೆಲೆಗೆ ಹೋಗುವ, ಗಿಡದಲ್ಲಿದ್ದಾಗ ರೈತನ ನಿದ್ದೆ ಕೆಡಿಸುವ ಆ ಹಣ್ಣಿನ ತೋಟವೇ ರಾವುತರ ಅತ್ತೆಯ ಮನೆಯ ಆಸ್ತಿ. ಮದುವೆಯ ಮುಂಜಾನೆ ಮನೆಯ ಮುಂದೆ ಜರಿಯ ಹೊದಿಕೆ, ಕೊರಳಿಗೆ ಕವಡೆಯ ಸರ, ಹಣೆಗೆ ಕೆಂಪು ಗೊಂಡೆ ಕಟ್ಟಿಸಿಕೊಂಡ ಬಿಳಿಯ ಹೆಣ್ಣುಕುದುರೆಯೊಂದು ನಿಂತು, ಬ್ಯಾಂಡಿನವರು ತಾಸೆಯ ಬಿಗಿತವನ್ನು ಪರೀಕ್ಷಿಸಿದಾಗಲೆಲ್ಲ ಒಂದು ಕಿವಿಯನ್ನು ಮಾತ್ರ ಹಿಂದಕ್ಕೆ ತಿರುಗಿಸುತ್ತಿದ್ದಿತು. ರಾವುತರು ಸುತ್ತ ನೆರೆದ ಬೀಗರಿಗೆ ಗೊರಸು, ಕೀಲು, ಹಲ್ಲುಗಳ ಲಕ್ಷಣಗಳನ್ನು ನಾಲ್ಕು ಮೊಳ ದೂರದಿಂದ ವಿವರಿಸಿದರು. ಕೇಳಿದ ಕುದುರೆಯವನಿಗೆ ಗೌರವ ಉಕ್ಕಿತು.

‘ಸಾಬ್, ಇಷ್ಟು ತಿಳ್ಕೊಂಡೋರು ನೀವು, ಒಂದು ಸುತ್ತ ಕೂಡ್ರಿ. ಏನೂ ಮಾಡಂಗಿಲ್ಲ ಅದು. ಎಷ್ಟೋ ಮದುಮಕ್ಕಳಿಗಿ ಹೊತ್ತದ, ಒಬ್ಬರಿಗೂ ಕೆಡವಿಲ್ಲ.’

ಕೆಡವಿದ್ದರೆ ಅವರಲ್ಲಿ ಕೆಲವರಿಗೆ ಸಕಾಲದಲ್ಲಿ ಎಚ್ಚರವಾಗುತ್ತಿತ್ತೇನೋ; ಆ ಮಾತು ಬೇರೆ. ರಾವುತರು ಸಾವಧಾನವಾಗಿ ಕಾರಣಗಳನ್ನು ಹೇಳಿದರು. ಶಿರಸ್ತ್ರಾಣವು ಕಲಬುರಗಿಯಲ್ಲಿ ಉಳಿದಿದೆ. ಪ್ರವಾಸದ ವಿಮೆ ಜಾರಿಗೆ ಬರುವುದು ದೇಶದ ಗಡಿ ದಾಟಿದ ಮೇಲೆ; ಕಮಲಾಪುರವು ಗಡಿಯ ಈಚೆಗಿದೆ. ಈ ಕುದುರೆಗೆ ಬ್ಯಾಂಡಿನ ತಾಳಕ್ಕೆ ಕುಣಿಯುವ ಅಭ್ಯಾಸವಾಗಿರುವುದರಿಂದ ಇದರ ಮೇಲೆ ಕುಳಿತರೆ ತಾವು ಸ್ಕೂಟರಿನ ಮೇಲೆ ಕಷ್ಟಪಟ್ಟು ಸಾಧಿಸಿದ ಲಯ ಕೆಟ್ಟುಹೋಗುವ ಸಂಭವವಿದೆ. ಒಂದೊಂದು ಕಾರಣವೂ ತನ್ನಷ್ಟಕ್ಕೆ ಅಕಾಟ್ಯವಾಗಿದ್ದಿತು. ಕುದುರೆಯವನು ಬಾಯಿ ತೆರೆದು ಕೇಳಿದನು.

ಅಷ್ಟರಲ್ಲಿ ಬಾಸಿಂಗ ಕಟ್ಟಿಸಿಕೊಂಡು ಹೊರಬಂದ ವರಮಹಾಶಯನು, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬೆಳೆದ ಹುಡುಗ, ಕುದುರೆಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದನು, ಬ್ಯಾಂಡು ಒಮ್ಮೆಗೇ ಭೋರ್ಗರೆಯಿತು, ಕುದುರೆ ಮುಂಗಾಲು ಬಡಿಯಿತು, ಹೆಂಗಸರು ಚೀರಿದರು. ಆಗ ರಾವುತರ ಧರ್ಮಪತ್ನಿಯವರು ಆರತಿಯ ತಟ್ಟೆಯನ್ನು ಪಕ್ಕದವಳ ಕೈಗಿತ್ತು, ಬ್ಯಾಂಡಿನವರಿಗೆ ‘ಏ, ಸುಮ್ಮನಿರ್ರೋ’ ಎಂದು ಗದರಿ, ಬುಟ್ಟಿಯಿಂದ ಒಂದು ಕೆಂಪು ಬಾಳೆಯನ್ನು ತೆಗೆದು ಸಿಪ್ಪೆ ಸಹಿತ ಮುರಿದು ಕುದುರೆಯ ಬಾಯಿಗಿಟ್ಟರು. ಅದು ಅಗಿಯುತ್ತಿರುವಾಗ ಕುತ್ತಿಗೆಯನ್ನು ನೀವುತ್ತ, ಕಿವಿಯಲ್ಲಿ ಏನನ್ನೋ ಹೇಳುತ್ತ, ರೇಶಿಮೆ ಸೀರೆಯ ಕಚ್ಚೆಯನ್ನು ಬಿಗಿದು, ಮನೆಯ ಕಟ್ಟೆಯ ಮೇಲಿನಿಂದ, ಇನ್ನೂ ಯಾರಿಗೂ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ, ಹತ್ತಿ ಕುಳಿತುಬಿಟ್ಟರು. ಅಗಸಿಯವರೆಗೆ ಹೋಗಿ ಮರಳಿ ಬಂದು ಇಳಿದು, ‘ಈಗ ತಣ್ಣಗಾಗ್ಯದ, ಹುಡುಗನಿಗಿ ಕೂಡಸ್ರಿ’ ಎಂದು ಆರತಿಯ ತಟ್ಟೆಯನ್ನು ಮರಳಿ ಪಡೆದರು. ಹುಡುಗಿಯಾಗಿದ್ದಾಗ ಅವರು ತಂದೆಯ ತಟ್ಟುವಿನ ಮೇಲೆ ತೋಟಕ್ಕೆ ಬುತ್ತಿ ಒಯ್ಯುತ್ತಿದ್ದರೆಂಬುದು ಕಮಲಾಪುರಕ್ಕೆಲ್ಲ ತಿಳಿದ ಸಂಗತಿ. ಅವರ ಯಜಮಾನರು ಒಮ್ಮೆಯೂ ಕೇಳಿರಲಿಲ್ಲ. ಕಡತದಲ್ಲಿ ಅದಕ್ಕೆ ಕಲಮು ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಹುಗ್ಗಿಗೆ ತುಪ್ಪ ಬಡಿಸುತ್ತ ಬಂದ ಆಕೆ ಪತಿಯ ಎಲೆಯ ಮುಂದೆ ನಿಂತರು.

‘ಆ ಐಸ್‌ಲ್ಯಾಂಡಿನ ಕುದುರಿ ಇದಕ್ಕಿಂತ ಗಿಡ್ಡ ಅಂತೀರಲ್ರೀ? ಮತ್ಯಾಕ ತಡ? ನಾನೂ ಬರ್ತೀನಿ, ಹೋಗಮು ನಡ್ರಿ.’

ಯಾವ ಮೇಲಧಿಕಾರಿಯೂ ರಾವುತರ ಯಾವ ಅಂದಾಜುಪಟ್ಟಿಗೂ ಇಷ್ಟು ಶೀಘ್ರವಾಗಿ ಮಂಜೂರಾತಿಯನ್ನು ಕೊಟ್ಟಿರಲಿಲ್ಲ. ಅವರ ಕೈ ಎಲೆಯ ಮೇಲೆ ಹಾಗೆಯೇ ನಿಂತಿತು. ಅಲ್ಲಿಂದ ಮುಂದೆ ಎಲ್ಲವೂ ಅತ್ಯಂತ ಅಸಭ್ಯವಾದ ವೇಗದಲ್ಲಿ ನಡೆಯಿತು. ಹೈದರಾಬಾದಿನಲ್ಲಿರುವ ಮಗಳು ಇಬ್ಬರ ಪಾಸ್‌ಪೋರ್ಟುಗಳನ್ನೂ ತರಿಸಿಕೊಂಡಳು. ವೀಸಾಕ್ಕೆ ಬೆರಳಚ್ಚು ಕೊಡುವ ದಿನ ನಿಗದಿಯಾಯಿತು. ಬ್ಯಾಂಕಿನಲ್ಲಿ ಠೇವಣಿಯೊಂದು ಅವಧಿಗೆ ಮೊದಲೇ ಮುರಿಯಿತು. ಖಡಕ್ ರೊಟ್ಟಿ ಬಡಿಯುವವಳಿಗೆ ಮುಂಗಡ ಸಂದಾಯವಾಯಿತು. ಯಜಮಾನ್ತಿಯವರ ತೂಕ 58 ಕಿಲೋ ಎಂದೂ, ಅವರನ್ನು ಹೊರುವುದಕ್ಕೆ ಯಾವ ದೇಶದ ಯಾವ ಕುದುರೆಯ ಆಕ್ಷೇಪವೂ ಇರಲಾರದೆಂದೂ ಮಗಳು ಫೋನಿನಲ್ಲಿ ಸಂತೋಷದಿಂದ ತಿಳಿಸಿದಳು. ರಾವುತರು ಗಾರ್ಡನ್ನಿನಲ್ಲಿ ನೆಟ್ಟಗೆ, ಮೊಳಕಾಲುಗಳನ್ನು ಬಾಗಿಸದೆ, ಸಾಮಾನ್ಯ ಮನುಷ್ಯರಂತೆ ನಡೆಯತೊಡಗಿದುದನ್ನು ನಾವೆಲ್ಲರೂ ಗಮನಿಸಿದೆವು.

ಮೊನ್ನೆ ಸಾಯಂಕಾಲ ಅವರು ನಮ್ಮ ಮನೆಗೆ ಬಂದರು. ಬಹಳ ಹೊತ್ತು ತೊಗರಿಯ ಧಾರಣೆ, ಮಳೆ, ಸೇಡಂ ರಸ್ತೆಯ ವಾಹನಸಂದಣಿ ಮುಂತಾದವನ್ನು ಪ್ರಸ್ತಾಪಿಸಿ, ಚಹಾ ಮುಗಿದ ಮೇಲೆ, ನನಗೆ ಬೇಕಾದವರಾದ ವೈದ್ಯರೊಬ್ಬರಿಂದ ಒಂದು ಪ್ರಮಾಣಪತ್ರವಾಗಬೇಕಾಗಿದೆಯೆಂದು ತಗ್ಗಿದ ಧ್ವನಿಯಲ್ಲಿ ಹೇಳಿದರು. ಎರಡು ವರ್ಷದ ಹಿಂದೆ ಇದೇ ವೈದ್ಯರಿಂದ ಅಶ್ವಾರೋಹಣಕ್ಕೆ ಯೋಗ್ಯರೆಂಬ ಪತ್ರವನ್ನು ನಾನೇ ಕೊಡಿಸಿದ್ದೆನಲ್ಲವೇ ಎಂದೆನು. ಅದು ಹಳೆಯ ದರಪಟ್ಟಿಗೆ ಅನುಗುಣವಾಗಿ ಮಾಡಿದ್ದೆಂದೂ ಈಗ ಪರಿಷ್ಕರಿಸತಕ್ಕದ್ದೆಂದೂ ಅವರು ಉತ್ತರವಿತ್ತರು. ವೈದ್ಯರಿಗೆ ಶ್ರಮವಾಗಬಾರದೆಂದು ಕರಡನ್ನು ತಾವೇ ಮೂರು ಪ್ರತಿಗಳಲ್ಲಿ ಸಿದ್ಧಪಡಿಸಿ, ಕೆಂಪು ಲಾಡಿಯ ಕಡತದಲ್ಲಿ ತಂದಿದ್ದರು. ಮೊಳಕಾಲಿನ ಸವೆತ, ಸೊಂಟದ ಸ್ಥಿತಿ, ವಯೋಮಾನ, ಎಲ್ಲವನ್ನೂ ಕ್ರಮವಾಗಿ ನಮೂದಿಸಿದ ಆ ಕರಡಿನ ಕೊನೆಯ ಕಲಮು ಹೀಗಿದ್ದಿತು: ‘ಸದರಿಯವರು ಕುದುರೆಗಳ ಆಯ್ಕೆ, ಮಾರ್ಗನಿರ್ಣಯ ಮತ್ತು ಮೇಲ್ವಿಚಾರಣೆಗೆ ಸರ್ವಥಾ ಅರ್ಹರಿದ್ದು, ಆರೋಹಣದ ಮಟ್ಟಿಗೆ ಮಾತ್ರ ಅವರ ಪರವಾಗಿ ಅವರ ಧರ್ಮಪತ್ನಿಯವರನ್ನು ಪರಿಗಣಿಸತಕ್ಕದ್ದು.’